ಅಳತೆ ಯಾರದು?

ಕಾಲೇಜಿನ ಅಧ್ಯಾಪಕರ ಕೊಠಡಿ ಒಂದು ಸಣ್ಣ ವಿಧಾನಸಭೆ. ಅಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. ಐದು ನಿಮಿಷದಲ್ಲಿ ತೀರ್ಪಾಗದ ವಿಷಯವೂ ಇಲ್ಲ. ಹೋದ ತಿಂಗಳು ಮಧ್ಯಾಹ್ನದ ಕಾಫಿಯ ಹೊತ್ತಿಗೆ ಯಾರೋ ಒಬ್ಬರು ಒಂದು ಸುದ್ದಿಯನ್ನು ತಂದರು. ಯಾವಳೋ ನಟಿ, ಕೆಲವು ವರ್ಷಗಳ ಹಿಂದೆ ಎದೆಯೊಳಗೆ ಇಡಿಸಿಕೊಂಡಿದ್ದ ಸಿಲಿಕೋನ್ ಚೀಲಗಳನ್ನು ತೆಗೆಸಿ, ಅವಕ್ಕಿಂತ ಚಿಕ್ಕವನ್ನು ಇಡಿಸಿಕೊಳ್ಳಲು ಹೊರಟಿದ್ದಾಳಂತೆ. ಸುದ್ದಿ ನಿಜವೋ ಸುಳ್ಳೋ ಯಾರೂ ಕೇಳಲಿಲ್ಲ. "ಹಾಕಿಸ್ಕೊಳ್ಳೋಕೆ ಒಂದು ಸಲ ಲಕ್ಷಗಟ್ಟಲೆ, ತೆಗೆಸ್ಕೊಳ್ಳೋಕೆ ಇನ್ನೊಂದು ಸಲ ಲಕ್ಷಗಟ್ಟಲೆ. ದುಡ್ಡು ಹೆಚ್ಚಾದ್ರೆ ಹೀಗೇ ಸ್ವಾಮಿ" ಎಂದರು ಒಬ್ಬ ಹಿರಿಯರು. "ಮಾಡಿದ್ದುಣ್ಣೋ ಮಹಾರಾಯ" ಎಂದರು ಇನ್ನೊಬ್ಬರು. ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಇಟ್ಟ ಹೆಸರು ಹೀಗೆ ಉಪಯೋಗಕ್ಕೆ ಬಂದೀತೆಂದು ಅವರು ಊಹಿಸಿರಲಾರರು. ಎಲ್ಲರೂ ನಕ್ಕರು. ನಗದಿದ್ದವರು ನಾವು ಇಬ್ಬರು ಮೂವರು ಹೆಂಗಸರು. ಆದರೆ ನಾವು ಬಾಯಿಯನ್ನೂ ತೆರೆಯಲಿಲ್ಲ. ಗಂಟೆ ಹೊಡೆಯಿತು, ಪುಸ್ತಕ ಹಿಡಿದು ತರಗತಿಗೆ ನಡೆದೆವು.

ಅಂದು ಆಡದೆ ಬಿಟ್ಟ ಮಾತನ್ನು ಇಲ್ಲಿ ಆಡುತ್ತೇನೆ. ಭಾನುವಾರದ ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಓದುವ ಪುರವಣಿಗೆ ಇದು ತಕ್ಕ ವಿಷಯವೇ ಎಂದು ಹುಬ್ಬೇರಿಸುವ ವಾಚಕರು ಇದ್ದಾರು. ಅವರಲ್ಲಿ ನನ್ನದೊಂದು ವಿನಂತಿ. ಈ ವಿಷಯ ನಿಮ್ಮ ಮನೆಯ ಹೊಸ್ತಿಲನ್ನು ಆಗಲೇ ದಾಟಿ ಒಳಗೆ ಬಂದಿರಬಹುದು. ನಿಮಗೆ ಹೇಳಿಲ್ಲ, ಅಷ್ಟೆ. ನನ್ನ ಮನೆಗೆ ಬಂದದ್ದೂ ಹಾಗೆಯೇ.

ಮೊದಲು ಶಬ್ದದ ಮಾತು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವವಳಿಗೆ ಅದು ಬಿಡದ ಚಟ. ಮೊಲೆ ಎಂಬುದು ಅಚ್ಚಗನ್ನಡದ ಮಾತು. ಮೊಲೆಹಾಲು ಎನ್ನುವಾಗ ಯಾರ ಕಿವಿಯೂ ಕೆಂಪಾಗದು. ಆದರೆ ಹಾಲನ್ನು ಬಿಟ್ಟು ಆ ಅಂಗವನ್ನಷ್ಟೇ ಹೆಸರಿಸಿದರೆ ಸಭ್ಯರು ತಲೆ ತಗ್ಗಿಸುತ್ತಾರೆ. ಸ್ತನವೆಂಬ ಸಂಸ್ಕೃತದ ಮರೆಗೆ ಓಡುತ್ತಾರೆ. ಅದೂ ಹೆಚ್ಚಾಯಿತೆನಿಸಿದರೆ ಎದೆ ಎನ್ನುತ್ತಾರೆ. ಎದೆ ಗಂಡಸಿಗೂ ಉಂಟಷ್ಟೆ! ವೈದ್ಯರ ಮುಂದೆ ಕೂಡ "ಇಲ್ಲಿ ನೋವು" ಎಂದು ಬೆರಳು ತೋರಿಸುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಹೆಸರಿಡಿದು ಕರೆಯಲು ನಾಚುವ ಅಂಗದ ಕಾಯಿಲೆಯನ್ನು ಹೇಳಿಕೊಳ್ಳುವುದು ಹೇಗೆ? ಈ ನಾಚಿಕೆಗೆ ಬೆಲೆ ತೆರಬೇಕಾಗುತ್ತದೆ. ಎಷ್ಟು ಎಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ಚಿಕ್ಕಮ್ಮನ ಮಗಳು ಒಬ್ಬಳಿದ್ದಾಳೆ. ಬೆಂಗಳೂರಿನಲ್ಲಿ ಕೆಲಸ, ಮೂವತ್ತನಾಲ್ಕು ವಯಸ್ಸು, ಮೂರು ವರ್ಷದ ಮಗು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಎಂಟು ವರ್ಷಗಳ ಹಿಂದೆ, ಮದುವೆಗೆ ಮೊದಲು, ತನ್ನ ದುಡಿಮೆಯ ಹಣದಿಂದ ಸಿಲಿಕೋನ್ ಇಡಿಸಿಕೊಂಡಳು. ಹೈಸ್ಕೂಲಿನಲ್ಲಿ ಅವಳಿಗೆ 'ಹಲಗೆ' ಎಂದು ಅಡ್ಡಹೆಸರು. ಹೆಣ್ಣು ನೋಡಲು ಬಂದವರ ಪೈಕಿ ಒಬ್ಬ ತಾಯಿ ಉಪ್ಪಿಟ್ಟು ಕೇಸರಿಬಾತು ಮುಗಿಸಿ, "ಹುಡುಗಿ ಲಕ್ಷಣವಾಗಿದಾಳೆ, ಮೈಕೈ ತುಂಬಿಕೊಂಡಿದ್ರೆ ಇನ್ನೂ ಚೆನ್ನಾಗಿತ್ತು" ಎಂದು ನಮ್ಮ ಚಿಕ್ಕಮ್ಮನ ಕಿವಿಯಲ್ಲಿ ಹೇಳಿ ಹೋದರು. ಕಿವಿಯಲ್ಲಿ ಹೇಳಿದ ಮಾತು ಒಳಕೋಣೆಯವರೆಗೂ ಕೇಳಿಸಿತು. ಅವಳು ಚಿಕಿತ್ಸಾಲಯಕ್ಕೆ ಹೋಗಿ ಕೇಳಿದ್ದು ಚಿಕ್ಕ ಅಳತೆ. ಅಲ್ಲಿ ಸಲಹೆ ಕೊಡಲು ಕುಳಿತಿದ್ದಾಕೆ ವೈದ್ಯಳಲ್ಲ. ಆಕೆ, "ಮೇಡಂ, ದೊಡ್ಡದಾಯ್ತು ಅಂತ ಬರೋರು ಯಾರೂ ಇಲ್ಲ. ಇನ್ನೂ ಸ್ವಲ್ಪ ದೊಡ್ಡದು ಹಾಕಿಸ್ಕೋಬೇಕಿತ್ತು ಅಂತ ಕೊರಗೋರೇ ಎಲ್ಲ" ಎಂದಳಂತೆ. ಹೀಗೆ ಒಂದೊಂದು ಕಡೆಗೆ 375 ಮಿಲಿಲೀಟರಿನ ಚೀಲ ಸೇರಿತು. ಎರಡೂ ಕೂಡಿದರೆ ಮುಕ್ಕಾಲು ಕೆ.ಜಿ.ಗೆ ಹತ್ತಿರ. ನಮ್ಮ ಮನೆಯ ಕಾಫಿ ಲೋಟದ ಲೆಕ್ಕದಲ್ಲಿ ಸುಮಾರು ನಾಲ್ಕು ಲೋಟ.

ವಿಷಯ ತಿಳಿದಾಗ ನಾನು ಏನು ಮಾಡಿದೆ? ಸಹೋದ್ಯೋಗಿಗಳ ಮೇಲೆ ದೂರು ಹೇಳುವ ಮೊದಲು ನನ್ನ ತಪ್ಪನ್ನೂ ಬರೆಯಬೇಕು. ಫೋನಿನಲ್ಲಿ ಚೆನ್ನಾಗಿ ಬೈದೆ. ಓದಿದ ಹುಡುಗಿ, ಬುದ್ಧಿ ಎಲ್ಲಿ ಹೋಗಿತ್ತು ಎಂದೆ. ಆಮೇಲೆ ಒಂದು ವರ್ಷ ನಮ್ಮಿಬ್ಬರ ನಡುವೆ ಹಬ್ಬದ ಶುಭಾಶಯದ ಹೊರತು ಮಾತಿರಲಿಲ್ಲ. ಈ ಯುಗಾದಿಗೆ ಬಂದವಳು, ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಗೆ ಬಂದು ಕುಳಿತಳು. "ಅಕ್ಕ, ಬೈಬೇಡ. ಚಿಕ್ಕದು ಮಾಡಿಸ್ಕೊಳ್ಳೋಣ ಅಂತಿದೀನಿ" ಎಂದಳು. ಕುತ್ತಿಗೆ ನೋವು, ಭುಜದ ಮೇಲೆ ಒಳಉಡುಪಿನ ಪಟ್ಟಿ ಕೊರೆದ ಗೀರು, ಓಡಲು ಹೋದರೆ ಸಂಕಟ, ದರ್ಜಿಯವನ ಮುಂದೆ ಸಂಕೋಚ. ಎಲ್ಲಕ್ಕಿಂತ ಹೆಚ್ಚಾಗಿ, ಕನ್ನಡಿಯಲ್ಲಿ ಕಾಣುವ ಮೈ ತನ್ನದಲ್ಲವೆಂಬ ಭಾವ. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಡೆ ಗಟ್ಟಿಯಾಗಿದೆ. ಎರಡು ವರ್ಷ ಆಯ್ತು" ಎಂದಳು.

"ಎರಡು ವರ್ಷ ಯಾರಿಗೂ ತೋರಿಸಲಿಲ್ಲವೆ?" ಎಂದೆ.

"ಯಾರಿಗೆ ತೋರಿಸಲಿ? ಹಾಕಿಸ್ಕೊಂಡಾಗ ನೀನೇ ಮಾತು ಬಿಟ್ಟೆ. ಡಾಕ್ಟರ ಹತ್ರ ಹೋದ್ರೆ ಅವರೂ ನಗ್ತಾರೆ ಅನ್ನಿಸ್ತು."

ನಮ್ಮ ನಗೆಯ ಬೆಲೆ ಇದು. ಎದೆಯಲ್ಲಿ ಏನೋ ಗಟ್ಟಿಯಾಗಿದೆ ಎಂದು ತಿಳಿದೂ ಓದಿದ ಹೆಣ್ಣುಮಗಳು ಎರಡು ವರ್ಷ ಸುಮ್ಮನಿದ್ದಳು. ಅವಳನ್ನು ತಡೆದದ್ದು ಅಜ್ಞಾನವಲ್ಲ, ಬಡತನವಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ. ಪರೀಕ್ಷೆ ಮಾಡಿಸಿದ ಮೇಲೆ ಅದು ಕ್ಯಾನ್ಸರ್ ಅಲ್ಲವೆಂದು ತಿಳಿಯಿತು, ದೇವರು ದೊಡ್ಡವನು. ಆದರೆ ಅದು ನಮ್ಮ ವಿವೇಕದಿಂದ ಸಿಕ್ಕ ಫಲವಲ್ಲ.

ಈ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. 1962ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಹ್ಯೂಸ್ಟನ್ ನಗರದಲ್ಲಿ, ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಶಸ್ತ್ರವೈದ್ಯರು ಮೊತ್ತಮೊದಲ ಸಿಲಿಕೋನ್ ಚೀಲವನ್ನು ಒಬ್ಬ ಹೆಂಗಸಿನ ಎದೆಯಲ್ಲಿ ಇಟ್ಟರು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅಮುಕಿದಾಗ ಗೆರೋ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಆ ಮೊದಲ ಹೆಂಗಸು ಆರು ಮಕ್ಕಳ ತಾಯಿ. ಅವಳು ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳಲು. ಎದೆ ದೊಡ್ಡದಾಗಬೇಕೆಂದು ಅವಳು ಕೇಳಿರಲಿಲ್ಲ. ವೈದ್ಯರು ಕೇಳಿದಾಗ, ಅದಕ್ಕಿಂತ ತನ್ನ ನಿಗುರು ಕಿವಿಗಳನ್ನು ಸರಿಮಾಡಿದರೆ ಸಾಕೆಂದಳಂತೆ. ಕಿವಿಯನ್ನೂ ಸರಿಮಾಡುತ್ತೇವೆ ಎಂದು ಒಪ್ಪಿಸಿದರು. ವಾಚಕರು ಗಮನಿಸಬೇಕು: ಈ ಕಥೆಯ ಮೊದಲ ಪುಟದಲ್ಲಿಯೇ ಹೆಣ್ಣು ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ನನ್ನ ತಂಗಿ ಚಿಕ್ಕದನ್ನು ಕೇಳಿ ದೊಡ್ಡದನ್ನು ಪಡೆದುಬಂದದ್ದು ಆ ಪದ್ಧತಿಯ ಮುಂದುವರಿಕೆ, ಅಷ್ಟೆ.

ಮುಂದಿನ ಪುಟಗಳೂ ಇವೆ. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಇದರ ಸುರಕ್ಷತೆಗೆ ತಕ್ಕ ಆಧಾರವಿಲ್ಲವೆಂದು, ಬರಿಯ ಅಂದಕ್ಕಾಗಿ ಸಿಲಿಕೋನ್ ಜೆಲ್ಲಿಯ ಚೀಲ ಇಡುವುದನ್ನು ತಡೆಯಿತು. ಮೊಕದ್ದಮೆಗಳ ಭಾರಕ್ಕೆ 1995ರಲ್ಲಿ ಡೌ ಕಾರ್ನಿಂಗ್ ಎಂಬ ದೊಡ್ಡ ಕಂಪೆನಿ ದಿವಾಳಿಯ ಅರ್ಜಿ ಹಾಕಿತು. 1999ರಲ್ಲಿ ಅಲ್ಲಿಯ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರ ಸಮಿತಿ, ಇದು ಮೈಯೆಲ್ಲ ಹಬ್ಬುವ ರೋಗಗಳನ್ನು ತರುತ್ತದೆಂಬುದಕ್ಕೆ ಆಧಾರ ಸಾಲದು, ನಿಜವಾದ ತೊಂದರೆ ಇಟ್ಟ ಜಾಗದಲ್ಲಿಯೇ ಆಗುವ ತೊಡಕುಗಳು ಎಂದಿತು. 2006ರಲ್ಲಿ ಮತ್ತೆ ಅನುಮತಿ ದೊರೆಯಿತು. ಫ್ರಾನ್ಸಿನಲ್ಲಿ ಪಿ.ಐ.ಪಿ. ಎಂಬ ಕಂಪೆನಿ, ವೈದ್ಯಕೀಯಕ್ಕೆ ತಕ್ಕುದಲ್ಲದ ಕಾರ್ಖಾನೆಯ ದರ್ಜೆಯ ಸಿಲಿಕೋನನ್ನು ತುಂಬಿ ಮಾರಿತ್ತು. 2010ರಲ್ಲಿ ಸಿಕ್ಕಿಬಿತ್ತು, 2013ರಲ್ಲಿ ಅದರ ಸ್ಥಾಪಕನಿಗೆ ನಾಲ್ಕು ವರ್ಷದ ಶಿಕ್ಷೆಯಾಯಿತು. 2019ರಲ್ಲಿ, ಹೊರಮೈ ತರಿತರಿಯಾದ ಒಂದು ಬಗೆಯ ಚೀಲವನ್ನು ಅಪರೂಪದ ಒಂದು ದುಗ್ಧರಸ ಕ್ಯಾನ್ಸರಿನ ಕಾರಣದಿಂದ ಅಲರ್ಗನ್ ಕಂಪೆನಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಭಯಪಡಿಸುವುದು ನನ್ನ ಉದ್ದೇಶವಲ್ಲ. ಇಟ್ಟುಕೊಂಡವರಲ್ಲಿ ಬಹುಪಾಲು ಹೆಂಗಸರಿಗೆ ಈ ಕ್ಯಾನ್ಸರ್ ಬರುವುದಿಲ್ಲ. ಆದರೆ ಅದರ ಮುಖ್ಯ ಲಕ್ಷಣ, ಚೀಲ ಇಟ್ಟು ವರ್ಷಗಳಾದ ಮೇಲೆ ಒಂದು ಮೊಲೆ ಇದ್ದಕ್ಕಿದ್ದಂತೆ ಊದಿಕೊಳ್ಳುವುದು. ಹೊತ್ತಿಗೆ ಸರಿಯಾಗಿ ತೋರಿಸಿದರೆ ಚೀಲವನ್ನೂ ಅದರ ಸುತ್ತಲ ಪೊರೆಯನ್ನೂ ತೆಗೆದು ಗುಣಪಡಿಸುವುದು ಹೆಚ್ಚಿನವರಲ್ಲಿ ಸಾಧ್ಯ. ತೋರಿಸಲು ನಾಚಿದರೆ?

ಈಗ ನನ್ನ ಸಹೋದ್ಯೋಗಿಗಳ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: ಒಮ್ಮೆ ಇಡಿಸಿಕೊಂಡ ಮೇಲೆ ಸುಮ್ಮನಿರಬೇಕು, ಮತ್ತೆ ಏಕೆ ಕೊಯ್ಯಿಸಿಕೊಳ್ಳಬೇಕು? ಇದು ವಸ್ತುಸ್ಥಿತಿಯನ್ನು ತಿಳಿಯದವರ ಮಾತು. ಈ ಚೀಲ ಕಿವಿಯ ಓಲೆಯ ಹಾಗೆ ಜನ್ಮಕ್ಕೆ ಒಮ್ಮೆ ಇಟ್ಟುಕೊಂಡು ಮರೆಯುವ ಒಡವೆಯಲ್ಲ. ಅಮೆರಿಕದ ಆ ಆಡಳಿತವೇ 2021ರಲ್ಲಿ, ಇವು ಜೀವಮಾನದ ಸಾಧನಗಳಲ್ಲವೆಂದು ಕಪ್ಪು ಚೌಕಟ್ಟಿನೊಳಗೆ ಎಚ್ಚರಿಕೆ ಅಚ್ಚು ಹಾಕಿಸಿತು. ಅಂದಕ್ಕಾಗಿ ಇಡಿಸಿಕೊಂಡ ಐವರಲ್ಲಿ ಒಬ್ಬಳ ತನಕ ಹತ್ತು ವರ್ಷದೊಳಗೆ ತೆಗೆಸಬೇಕಾಗಿ ಬರುತ್ತದೆಂದು 2011ರಲ್ಲಿಯೇ ಹೇಳಿತ್ತು. ಎಂದಮೇಲೆ ಎರಡನೆಯ ಶಸ್ತ್ರಚಿಕಿತ್ಸೆ ಎಂಬುದು ಚಂಚಲ ಹೆಂಗಸಿನ ಖಯಾಲಿಯಲ್ಲ. ಮೊದಲನೆಯದನ್ನು ಕೊಳ್ಳುವಾಗಲೇ ಅದರ ಬಾಲದಲ್ಲಿ ಕಟ್ಟಿಕೊಂಡು ಬಂದದ್ದು. ಕೊಳ್ಳುವವಳಿಗೆ ಇದನ್ನು ಹೇಳಿರಲಿಲ್ಲ. ತಪ್ಪು ಹೇಳದವನದೋ, ಕೇಳದವಳದೋ? ಇಬ್ಬರದೂ ಎನ್ನುವಿರಾದರೆ, ನಗೆಯನ್ನೂ ಇಬ್ಬರಿಗೂ ಸಮವಾಗಿ ಹಂಚಬೇಡವೆ? ಕಾಫಿಯ ಹೊತ್ತಿನಲ್ಲಿ ಆ ಚಿಕಿತ್ಸಾಲಯದ ಧಣಿಯನ್ನು ಹಾಸ್ಯಮಾಡಿದವರನ್ನು ನಾನು ಕಂಡಿಲ್ಲ.

ಎರಡನೆಯದು: ದೇವರು ಕೊಟ್ಟ ಮೈಯನ್ನು ತಿದ್ದಲು ನಾವು ಯಾರು? ಇದನ್ನು ಹೇಳಿದವರ ಕಿವಿ ಬಾಲ್ಯದಲ್ಲಿ ಚುಚ್ಚಿದ ಕಿವಿ, ಹಲ್ಲು ವೈದ್ಯರು ಕಟ್ಟಿಕೊಟ್ಟ ಹಲ್ಲು, ತಲೆಗೂದಲಿಗೆ ತಿಂಗಳಿಗೊಮ್ಮೆ ಬಣ್ಣ. ಅದಿರಲಿ. ಮೈಯನ್ನು ತಿದ್ದುವ ವಿದ್ಯೆಗೆ ನಮ್ಮ ನಾಡು ಹೊಸದಲ್ಲ. ಸುಶ್ರುತನ ಗ್ರಂಥದಲ್ಲಿ ಕೊಯ್ದುಹೋದ ಮೂಗನ್ನು ಮತ್ತೆ ಕಟ್ಟುವ ವಿಧಾನವಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಿಗನು ಟಿಪ್ಪುವಿನವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ನಮ್ಮವನೇ ಒಬ್ಬ ಅನಾಮಧೇಯ ಕುಶಲಿ ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟನು. ಆ ವರದಿ 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಗಿ, ಯೂರೋಪಿನ ವೈದ್ಯರು ಅದನ್ನು ನೋಡಿ ಕಲಿತರು. ಮೈಸೂರಿನ ಯುದ್ಧದಲ್ಲಿ ಹೋದ ಒಂದು ಮೂಗು ಜಗತ್ತಿನ ಶಸ್ತ್ರವೈದ್ಯಕ್ಕೆ ಪಾಠ ಹೇಳಿತು! "ಅದು ಕಳೆದದ್ದನ್ನು ಮರಳಿ ಕೊಡುವ ಕೆಲಸ, ಇದು ಬೇರೆ" ಎನ್ನುವಿರಿ. ಚಿಕ್ಕದು ಮಾಡಿಸಿಕೊಳ್ಳಲು ಹೊರಟವಳೂ ಕಳೆದುಕೊಂಡ ತನ್ನ ಮೈಯನ್ನೇ ಮರಳಿ ಕೇಳುತ್ತಿದ್ದಾಳೆ.

ಮೂರನೆಯದು: ಹಾಗಾದರೆ ಪೂರ್ತಿ ತೆಗೆಸಿಬಿಡಲಿ, ಚಿಕ್ಕದನ್ನು ಮತ್ತೇಕೆ ಇಡಿಸಬೇಕು? ಇದು ಮೂರರಲ್ಲಿ ಬುದ್ಧಿಯುಳ್ಳ ಪ್ರಶ್ನೆ. ನಾನೂ ಇದನ್ನೇ ಕೇಳಿದ್ದೆ. ಉತ್ತರ ತಿಳಿಯಬೇಕಾದರೆ ಒಳಗೆ ಏನಾಗಿರುತ್ತದೆ ಎಂಬುದನ್ನು ನೋಡಬೇಕು. ಹೊರಗಿನ ವಸ್ತು ಒಳಕ್ಕೆ ಬಂದೊಡನೆ ದೇಹ ಅದರ ಸುತ್ತ ನಾರಿನಂಥ ಪೊರೆಯೊಂದನ್ನು ಹೆಣೆಯುತ್ತದೆ. ಇದು ಎಲ್ಲರಲ್ಲಿಯೂ ಆಗುವುದು. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿದುಕೊಂಡು ಚೀಲವನ್ನು ಹಿಂಡುತ್ತದೆ. ಮೊಲೆ ಗಟ್ಟಿಯಾಗುತ್ತದೆ, ಮುಂದುವರಿದರೆ ಆಕಾರ ಕೆಟ್ಟು ನೋಯುತ್ತದೆ. ವೈದ್ಯರು ಇದನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸುತ್ತಾರೆ. ನನ್ನ ತಂಗಿಯ ಎಡಗಡೆ ಮೂರನೆಯ ಮೆಟ್ಟಿಲಿನಲ್ಲಿದೆ. ಇದಲ್ಲದೆ, ದೊಡ್ಡ ಚೀಲ ವರ್ಷಗಟ್ಟಲೆ ಅಮುಕಿದರೆ ಅವಳ ಸ್ವಂತ ಮಾಂಸವೇ ತೆಳುವಾಗುತ್ತದೆ. ಚರ್ಮ ಹಿಗ್ಗಿ ಹಾಗೆಯೇ ನಿಲ್ಲುತ್ತದೆ. ಒಮ್ಮೆಗೇ ತೆಗೆದುಹಾಕಿದರೆ ಎಂಟು ವರ್ಷದ ಹಿಂದಿನ ಮೈ ಮರಳಿ ಬಾರದು. ಗಾಳಿ ಹೋದ ಬಲೂನಿನ ಸ್ಥಿತಿಯಾಗಬಹುದು. ಕೆಲವರು ಅದನ್ನೂ ಒಪ್ಪಿ, ನೆಮ್ಮದಿಯಾಗಿರುತ್ತಾರೆ. ಕೆಲವರು ಚಿಕ್ಕದೊಂದನ್ನು ಇಟ್ಟು ಆ ಸಡಿಲನ್ನು ಸ್ವಲ್ಪ ತುಂಬಿಸಿಕೊಳ್ಳುತ್ತಾರೆ. ಎರಡೂ ಮಾನ್ಯವಾದ ದಾರಿಗಳೇ. ಯಾವುದೆಂದು ಹೇಳಬೇಕಾದವಳು ಅದನ್ನು ಹೊರುವವಳು.

ಚಿಕ್ಕದು ಮಾಡುವುದೆಂದರೆ ದೊಡ್ಡ ಲೋಟದ ಬದಲು ಚಿಕ್ಕ ಲೋಟ ಇಟ್ಟ ಹಾಗೆ ಸುಲಭವೂ ಅಲ್ಲ. ಹಳೆಯ ಚೀಲಕ್ಕೆ ಆಗಿದ್ದ ಗೂಡು ಹೊಸದಕ್ಕೆ ಅಗಲವಾಗುತ್ತದೆ. ಹಾಗೆಯೇ ಬಿಟ್ಟರೆ ಚಿಕ್ಕ ಚೀಲ ಅದರೊಳಗೆ ಜಾರಾಡುತ್ತದೆ, ಪಕ್ಕಕ್ಕೋ ಕೆಳಕ್ಕೋ ಇಳಿಯುತ್ತದೆ. ಆದುದರಿಂದ ಪೊರೆಯನ್ನು ಒಳಗಿನಿಂದ ಹೊಲಿದು ಗೂಡನ್ನು ಕಿರಿದುಮಾಡಬೇಕು. ಪೊರೆ ಕೆಟ್ಟಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕು. ಇಲ್ಲವೆ ಸ್ನಾಯುವಿನ ಕೆಳಗೆ ಹೊಸ ಗೂಡನ್ನು ಮಾಡಬೇಕು. ಹೊರಗೆ ಚರ್ಮ ಹೆಚ್ಚಾಗಿ ಉಳಿದಿದ್ದರೆ ಅದನ್ನೂ ಕತ್ತರಿಸಿ ಮೇಲಕ್ಕೆ ಎತ್ತಿ ಹೊಲಿಯಬೇಕು. ಆಗ ಮೊಲೆತೊಟ್ಟಿನ ಸುತ್ತ, ಅದರಿಂದ ಕೆಳಕ್ಕೆ, ಕೆಲವೊಮ್ಮೆ ಮಡಿಕೆಯ ಉದ್ದಕ್ಕೂ ಗಾಯದ ಗೆರೆ ಉಳಿಯುತ್ತದೆ. ತೊಟ್ಟಿನ ಸ್ಪರ್ಶಜ್ಞಾನ ಕಡಮೆಯಾಗಬಹುದು. ಚೀಲ ತೆಗೆದು, ಚಿಕ್ಕದನ್ನಿಟ್ಟು, ಎತ್ತಿ ಹೊಲಿಯುವುದನ್ನು ಒಂದೇ ದಿನ ಮಾಡಬಹುದೋ, ಎರಡು ಸಲವಾಗಿ ಮಾಡಬೇಕೋ ಎಂಬುದು ರಕ್ತಸಂಚಾರವನ್ನೂ ಚರ್ಮದ ಸ್ಥಿತಿಯನ್ನೂ ನೋಡಿ ನಿರ್ಧರಿಸಬೇಕಾದದ್ದು. ಹೆಚ್ಚುಮಾಡುವ ಮೊದಲ ಚಿಕಿತ್ಸೆಗಿಂತ ಈ ಇಳಿಸುವ ಚಿಕಿತ್ಸೆಗೆ ಹೆಚ್ಚಿನ ಕೈಚಳಕ ಬೇಕು. ಸಾಲದುದಕ್ಕೆ ನಮ್ಮ ಆರೋಗ್ಯವಿಮೆಯವರು ಅಂದದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ತರುವಾಯದ ಪುನರ್ರಚನೆಗೆ ವಿನಾಯಿತಿ ಉಂಟು. ಇಷ್ಟೆಲ್ಲ ತಿಳಿದ ಮೇಲೂ ಒಬ್ಬಳು ಇದನ್ನು ಆಲೋಚಿಸುತ್ತಿದ್ದಾಳೆಂದರೆ ಅದು ದುಡ್ಡಿನ ಕೊಬ್ಬೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನು ನಮ್ಮ ಕಡೆಯ ತಪ್ಪು. ಇದನ್ನು ಹೇಳದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಹೆಣ್ಣಿನ ಮೈಗೆ ಅಳತೆಗೋಲು ಹಿಡಿದವನು ಚಿಕಿತ್ಸಾಲಯದವನೇ ಮೊದಲಿಗನೆ? ಇಪ್ಪತ್ತು ವರ್ಷದಿಂದ ನಾನು ಹಳಗನ್ನಡ ಕಾವ್ಯ ಪಾಠ ಹೇಳುತ್ತಿದ್ದೇನೆ. ಅಷ್ಟಾದಶವರ್ಣನೆಯ ಪುಟಗಳಲ್ಲಿ ಹೊನ್ನಿನ ಕಲಶಗಳು, ಆನೆಯ ಕುಂಭಸ್ಥಳಗಳು, ಜಕ್ಕವಕ್ಕಿಯ ಜೋಡಿಗಳು. ಅವುಗಳ ಭಾರಕ್ಕೆ ಬಳುಕುವ, ಇದೆಯೋ ಇಲ್ಲವೋ ಎಂಬಷ್ಟು ಬಡವಾದ ನಡು. ಕವಿಸಮಯ ಎಂದು ಹೇಳಿ ನಾವು ಅಧ್ಯಾಪಕರು ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ. ಮುಂದಿನ ಬೆಂಚಿನ ಹುಡುಗಿಯರು ಪುಸ್ತಕದಿಂದ ತಲೆಯೆತ್ತುವುದಿಲ್ಲ. ಆ ಭಾರದಿಂದ ನಡುವಿಗೆ ನೋವಾದೀತು ಎಂದು ಯಾವ ಕವಿಗೂ ತೋಚಲಿಲ್ಲ; ಹೊರುವವಳು ಅವನಾಗಿರಲಿಲ್ಲ. ಕಾವ್ಯವನ್ನು ಸುಡಬೇಕೆಂದು ನಾನು ಹೇಳುವವಳಲ್ಲ. ಅದು ನನ್ನ ಅನ್ನ, ನನ್ನ ಸಂತೋಷ ಕೂಡ. ಆದರೆ ಕವಿಗಳ ಅಳತೆಯನ್ನು ಸಿನಿಮಾ ಕೈಗೆ ತೆಗೆದುಕೊಂಡಿತು, ಸಿನಿಮಾದಿಂದ ಜಾಹೀರಾತು, ಜಾಹೀರಾತಿನಿಂದ ಹೆಣ್ಣು ನೋಡಲು ಬಂದ ತಾಯಿ. ಹೊನ್ನಿನ ಕಲಶ ಈಗ ಕಾರ್ಖಾನೆಯಲ್ಲಿ ಮಿಲಿಲೀಟರಿನ ಲೆಕ್ಕದಲ್ಲಿ ತಯಾರಾಗುತ್ತಿದೆ. ಇಷ್ಟೆಲ್ಲ ಮಂದಿ ಸೇರಿ ಒಬ್ಬ ಹುಡುಗಿಯನ್ನು ತಳ್ಳಿ, ಅವಳು ಬಿದ್ದಮೇಲೆ "ನಿನಗೆ ಬೀಳಲು ಯಾರು ಹೇಳಿದರು?" ಎಂದು ಕೇಳುವುದು ಯಾವ ನ್ಯಾಯ?

ಆದರೆ ಇನ್ನೊಂದು ಕಡೆಯವರಿಗೂ ಒಂದು ಮಾತು ಸಲ್ಲಬೇಕು. ಹೆಣ್ಣು ತನ್ನ ಮೈಗೆ ಏನು ಮಾಡಿಕೊಂಡರೂ ಅದು ಸ್ವಾತಂತ್ರ್ಯ, ಕೇಳಬಾರದು, ಹೇಳಬಾರದು ಎನ್ನುವ ಹೊಸಬರಿದ್ದಾರೆ. ನಾನು ಅವರ ಪಕ್ಷದವಳೂ ಅಲ್ಲ. ಅಡ್ಡಹೆಸರಿಗೆ ಹೆದರಿ, ಅರ್ಧ ವಿಷಯ ಮಾತ್ರ ಕೇಳಿ, ಬೇಡದ ಅಳತೆಗೆ ಹೂಂ ಎಂದದ್ದನ್ನು ಸ್ವಾತಂತ್ರ್ಯವೆಂದು ಕರೆದರೆ ಆ ಶಬ್ದಕ್ಕೆ ಅಪಚಾರ. ಸ್ವಾತಂತ್ರ್ಯಕ್ಕೆ ಪೂರ್ತಿ ತಿಳಿವಳಿಕೆ ಬೇಕು, ಹಿಂದಕ್ಕೆ ಬರುವ ದಾರಿಯೂ ಬೇಕು. ಆ ಹಿಂದಿರುಗುವ ದಾರಿಯನ್ನೇ ನಮ್ಮ ನಗೆ ಮುಚ್ಚುತ್ತಿದೆ. ಹೊರದೇಶಗಳಲ್ಲಿ ಹೆಸರಾದ ಹೆಂಗಸರೇ ಈಗ ಬಾಯಿಬಿಟ್ಟು ಹೇಳುತ್ತಿದ್ದಾರೆ. ಇಂಗ್ಲೆಂಡಿನ ವಿಕ್ಟೋರಿಯಾ ಬೆಕಮ್ ಹದಿನೆಂಟು ವಯಸ್ಸಿನ ತನಗೇ ಬರೆದಂತೆ ಪ್ರಕಟಿಸಿದ ಪತ್ರದಲ್ಲಿ, ಮೊಲೆಗಳ ತಂಟೆಗೆ ಹೋಗಬೇಡವೆಂದು ಬುದ್ಧಿ ಹೇಳಿಕೊಂಡಳು. ಅಮೆರಿಕದ ಕ್ರಿಸ್ಸಿ ಟೀಗನ್ 2020ರಲ್ಲಿ ತೆಗೆಸಿದುದನ್ನು ತಾನಾಗಿಯೇ ಜಗತ್ತಿಗೆ ತಿಳಿಸಿದಳು. ನಮ್ಮಲ್ಲಿ ಆ ಮಾತು ಅಡಿಗೆಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ.

ಬೈದು ಮುಗಿಸಿದರೆ ಸಾಲದು, ಏನಾಗಬೇಕೆಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ 2021ರಿಂದ, ಚೀಲ ಇಡುವ ಮೊದಲು ಅಪಾಯಗಳ ಪಟ್ಟಿಯನ್ನು ಹೆಂಗಸಿನ ಮುಂದಿಟ್ಟು ಒಂದೊಂದನ್ನೂ ಓದಿಸಿ ರುಜು ಮಾಡಿಸಬೇಕೆಂಬ ಕಟ್ಟಳೆಯಿದೆ. ಹಾಗೆ ಮಾಡದ ವೈದ್ಯರಿಗೆ ಚೀಲವನ್ನು ಮಾರುವಂತಿಲ್ಲ. ಅಂಥದೊಂದು ಪಟ್ಟಿ ನಮ್ಮಲ್ಲಿ ಕನ್ನಡದಲ್ಲಿಯೇ ಇರಬೇಕು. ಇಂಗ್ಲಿಷಿನ ಆರು ಪುಟದ ಒಪ್ಪಿಗೆ ಕಾಗದದ ಕೊನೆಯಲ್ಲಿ ರುಜು ಹಾಕಿಸಿಕೊಳ್ಳುವುದು ತಿಳಿವಳಿಕೆ ಕೊಟ್ಟ ಹಾಗಾಗದು. ಇದು ಜೀವಮಾನದ ವಸ್ತುವಲ್ಲ, ಎರಡನೆಯ ಚಿಕಿತ್ಸೆ ಬರಬಹುದು ಎಂಬುದು ಆ ಪಟ್ಟಿಯ ಮೊದಲ ಸಾಲಾಗಿರಬೇಕು. ಅಳತೆಯ ಸಲಹೆ ಹೇಳುವವರು ಮಾರಾಟದವರಾಗಿರಬಾರದು, ವೈದ್ಯರಾಗಿರಬೇಕು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ ಎಂದು ಕೇಳುವುದು ಅವಮರ್ಯಾದೆಯಲ್ಲ. ನಾವು ಮಕ್ಕಳ ಮನೆಪಾಠದ ಮೇಷ್ಟರ ಪದವಿಯನ್ನು ಕೇಳುವುದಿಲ್ಲವೆ?

ಆಗಲೇ ಇಡಿಸಿಕೊಂಡಿರುವ ಸೋದರಿಯರಿಗೂ ಎರಡು ಮಾತು. ಚೀಲದ ಕಂಪೆನಿ, ಬಗೆ, ಅಳತೆ, ಸಂಖ್ಯೆ ಬರೆದಿರುವ ಚೀಟಿಯನ್ನು ಒಡವೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ಮುಂದೆ ಬದಲಿಸುವ ವೈದ್ಯರು ಮೊದಲು ಕೇಳುವುದು ಅದನ್ನೇ. ನನ್ನ ತಂಗಿ ಅದನ್ನು ಮನೆಯವರ ಕಣ್ಣಿಗೆ ಬಿದ್ದೀತೆಂದು ಹರಿದುಹಾಕಿದ್ದಳು! ಸಿಲಿಕೋನ್ ಚೀಲ ಒಳಗೆ ಒಡೆದರೂ ಹೊರಗೆ ತಿಳಿಯದೆ ಇರಬಹುದು. ಆದುದರಿಂದ ಇಡಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೆ ಎಂ.ಆರ್.ಐ. ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಆಡಳಿತ ಹೇಳುತ್ತದೆ. ಗಟ್ಟಿಯಾದರೆ, ಊದಿದರೆ, ಆಕಾರ ಬದಲಾದರೆ ಅಂದೇ ತೋರಿಸಿ. ನಗುವ ವೈದ್ಯ ಸಿಕ್ಕರೆ ಎದ್ದು ಬನ್ನಿ, ಇನ್ನೊಬ್ಬರಿದ್ದಾರೆ.

ನನ್ನ ತಂಗಿ ಇನ್ನೂ ನಿರ್ಧರಿಸಿಲ್ಲ. ಇಬ್ಬರು ವೈದ್ಯರನ್ನು ಕಂಡು ಬಂದಿದ್ದಾಳೆ. ಒಬ್ಬರು 200 ಮಿಲಿಲೀಟರಿಗೆ ಇಳಿಸಿ, ಪೊರೆ ತೆಗೆದು, ಎತ್ತಿ ಹೊಲಿಯೋಣವೆಂದರು. ಇನ್ನೊಬ್ಬರು ಮೊದಲು ಎಲ್ಲವನ್ನೂ ತೆಗೆದು, ಕೆಲವು ತಿಂಗಳು ಮೈ ಹೇಗೆ ನಿಲ್ಲುತ್ತದೆಂದು ನೋಡಿ, ಬೇಕೆನಿಸಿದರೆ ಚಿಕ್ಕದನ್ನು ಇಡೋಣವೆಂದರು. ಎರಡನೆಯ ವೈದ್ಯೆ ಒಂದು ಪ್ರಶ್ನೆಯನ್ನೂ ಕೇಳಿದರಂತೆ: "ಈ ಅಳತೆ ಬೇಕು ಅಂತಿರೋದು ನೀವೋ, ಬೇರೆ ಯಾರಾದ್ರೂನೋ?" ಎಂಟು ವರ್ಷದಲ್ಲಿ ಅವಳನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅಕ್ಕನಾದ ನಾನೂ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಬಂದಿದ್ದಾಳೆ, ಯೋಚಿಸುತ್ತಿದ್ದಾಳೆ. ಅವಸರವೇನೂ ಇಲ್ಲ. ದಸರಾ ರಜೆಯಲ್ಲಿ ಮುಂದಿನ ಭೇಟಿ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ.

ಅಧ್ಯಾಪಕರ ಕೊಠಡಿಯ ಮಿತ್ರರಲ್ಲಿ ಒಂದು ಅರಿಕೆ ಮಾಡಿ ಮುಗಿಸುತ್ತೇನೆ. ಈ ಭಾನುವಾರ ನೀವು ಇದನ್ನು ಓದುತ್ತೀರಿ; ನಾಳೆ ಕಾಫಿಯ ಹೊತ್ತಿಗೆ ಮಾತು ಬರುತ್ತದೆ. ಬರಲಿ. ನಗಬೇಕೆನಿಸಿದರೆ ನಗಿ. ಆದರೆ ಆ ಮೇಜಿನ ಸುತ್ತ ಕುಳಿತಿರುವ ಹೆಂಗಸರಲ್ಲಿ ಯಾರು, ಯಾವ ಗಂಟನ್ನು, ಎಷ್ಟು ವರ್ಷದಿಂದ ಯಾರಿಗೂ ಹೇಳದೆ ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದಾರೆಂಬುದು ನಿಮಗೆ ತಿಳಿಯದು. ಅವರು ನಾಳೆ ಆಸ್ಪತ್ರೆಗೆ ಹೋಗುವುದೋ ಬಿಡುವುದೋ ನಿಮ್ಮ ಆ ನಗೆಯನ್ನು ಕೇಳಿಸಿಕೊಂಡೇ ನಿರ್ಧಾರವಾದೀತು. ಈ ಸಲ ಮಾತ್ರ ನಾನು ಸುಮ್ಮನೆ ಪುಸ್ತಕ ಹಿಡಿದು ಎದ್ದುಹೋಗುವುದಿಲ್ಲ.